ಸುರಿಯದ ಕೀವೂ ಬಸವೇಶ್ವರಿಯವರೂ

ನಮ್ಮ ಸೀಮೆಯ ಪಶುರೋಗ ಪರೀಕ್ಷೆಯ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಅಧಿಕಾರಿಗಳ ಹೆಸರುಗಳು ಪುಟಗಟ್ಟಲೆ ಬಂದಾವು; ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕುಳಿತ ಪ್ರಯೋಗಾಲಯ ತಂತ್ರಜ್ಞೆ ಶ್ರೀಮತಿ ಬಸವೇಶ್ವರಿಯವರ ಹೆಸರು ಅಡಿಟಿಪ್ಪಣಿಯಲ್ಲೂ ಬರಲಾರದು. ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಅಭಿನಂದನೆಯ ನಡುವೆ ಸಿಟ್ಟು ಸಲ್ಲದೆನ್ನುವವರು ಮನ್ನಿಸಬೇಕು.

ಆಳಂದದಲ್ಲಿ ಸೇವೆಗೆ ಸೇರಿದಾಗ ಅವರು ಇಂಗ್ಲಿಷಿನ ಪ್ರತಿ ವರದಿಯ ಕೆಳಗೆ ದನ ಸಾಕಿದವರಿಗೆ ತಿಳಿಯಲೆಂದು ಎರಡು ಸಾಲು ಕನ್ನಡ ಬರೆದು, ಮಟಕಿ ಊರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ತಾವೇ ಕೊಟ್ಟು ಬರುತ್ತಿದ್ದರು. ನಮೂನೆ ಕೆಡಿಸಿದರೆಂದು ಅದಕ್ಕೂ ನೋಟಿಸು ಬಂತು! ಅಫಜಲಪುರದಲ್ಲಿ, ಆಡು ಹಿಡಿದು ಬಿಸಿಲಲ್ಲಿ ನಿಂತವರಿಗಾಗಿ ಬಾಗಿಲಲ್ಲಿ ಎರಡು ಕೊಡ ನೀರು ಇರಿಸಿದರು: ಒಂದು ಮನುಷ್ಯರಿಗೆ, ಒಂದು ಆಡಿಗೆ.

ಜೇವರ್ಗಿಗೆ ಬಂದ ಮೇಲಿನ ಸಂಗತಿಯನ್ನಂತೂ ಹೇಳಲೇಬೇಕು. ನೆಲೋಗಿಯ ವಜೀರುನ್ನಿಸಾ ಸರ್ಕಾರ ಕೊಟ್ಟ ಶೆಡ್ಡಿನಲ್ಲಿ ಮೊಲ ಸಾಕಿ ಸಂಸಾರ ನಡೆಸುತ್ತಿದ್ದಳು. ಮೊಲಗಳ ದವಡೆಯಲ್ಲಿ ಗಡ್ಡೆ ಎದ್ದವು. ಪರಿಶೀಲನೆಗೆ ಬಂದ ಮೇಲಧಿಕಾರಿಯೊಬ್ಬರು ಬಾಯಿಗೆ ಹಾಕಲು ಪೆನ್ಸಿಲಿನ್ ಗುಳಿಗೆ ಕೊಟ್ಟು ಹೋದರು; ಮೂರು ಮೊಲ ಸತ್ತವು. ಗಡ್ಡೆಯ ನಡುವಿನಿಂದ ತೆಗೆದು ದೂರದ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಯಲ್ಲಿ ಯಾವ ಜೀವಾಣುವೂ ಬೆಳೆಯಲಿಲ್ಲ. "ರೋಗವಿಲ್ಲ, ಹೊಲಸು ಮತ್ತು ಅಲಕ್ಷ್ಯ. ಶೆಡ್ಡು ವಾಪಸು ಪಡೆಯತಕ್ಕದ್ದು" ಎಂದು ಆದೇಶವಾಯಿತು.

ಆದೇಶದ ಹಾಳೆ ಹಿಡಿದು ವಜೀರುನ್ನಿಸಾ ಜೇವರ್ಗಿಗೆ ಬಂದಳು.

"ದಿನಾ ಎರಡ ಸಲ ಕಸ ಹೊಡಿತೇನ್ರಿ ಅಕ್ಕಾ. ಹೊಲಸ ಅಂದ್ರ ಹ್ಯಾಂಗ್ರಿ?"

"ಅಳಬ್ಯಾಡ. ಸಾಹೇಬ್ರು ಏನ್ ಕೇಳಿದ್ರು, ಅದನ್ನ ಹೇಳ ಬೇ."

"ಕೀವು ಸುರೀತದೇನು ಅಂದ್ರು. ಇಲ್ರಿ ಅಂದೆ. ಬರ್ಕೊಂಡ್ರು. ಖೋವಾದಂಗ ಗಟ್ಟಿ ಅದರಿ ಅನ್ನೂದ್ರಾಗ ಜೀಪ ಹತ್ತಿದ್ರು."

"ನನಗ ಖೋವಾ ತಿನ್ನೂದು ಬಿಡಿಸಿದಿ ನೋಡು!" ಎಂದು ಆಕೆಯನ್ನು ನಗಿಸಿ ಬಸವೇಶ್ವರಿಯವರು ಆದೇಶದ ಹಾಳೆ ಇಸಿದುಕೊಂಡರು. ಮೊಲದ ಕೀವು ಸುರಿಯುವುದಿಲ್ಲ. ಮುದ್ದೆಯಾಗಿ ಒಳಗೇ ಕೂರುತ್ತದೆ. ಅಧಿಕಾರಿಗಳು ತುಂಬುವ ನಮೂನೆಯಲ್ಲೋ ಗುರುತು ಹಾಕಲು "ಕೀವು ಸುರಿಯುತ್ತದೆ, ಸುರಿಯುವುದಿಲ್ಲ" ಎಂಬ ಎರಡೇ ಮನೆ. ಸುರಿಯುವುದಿಲ್ಲ ಎಂಬುದನ್ನು ಕೀವೇ ಇಲ್ಲವೆಂದು ಓದಿ ಒಂದು ಸಂಸಾರದ ಅನ್ನ ಕಸಿಯಲು ಹೊರಟಿದ್ದರು!

ಮರುದಿನ ರಜೆ ಹಾಕಿ, ಪಶುವೈದ್ಯರೊಬ್ಬರನ್ನು ಒಪ್ಪಿಸಿ ಕರೆದುಕೊಂಡು ನೆಲೋಗಿಯ ಬಸ್ಸು ಹತ್ತಿದರು. ಆ ಗುಳಿಗೆ ಮೊಲದ ಕರುಳನ್ನೇ ಕೆಡಿಸುತ್ತದೆಂದು ಮೊದಲು ಅದನ್ನು ನಿಲ್ಲಿಸಿದರು. ಗಡ್ಡೆಯ ನಡುವಿನದು ಬಹುಪಾಲು ಸತ್ತ ಕೀವು. ಜೀವಂತ ಜೀವಾಣು ಅದರ ಗೋಡೆಯಲ್ಲಿರುತ್ತದೆ. ವೈದ್ಯರು ಗಡ್ಡೆಯನ್ನು ಗೋಡೆಸಮೇತ ಕೊಯ್ದು ತೆಗೆದರು. ಬಸವೇಶ್ವರಿಯವರು ಆ ಗೋಡೆಯಿಂದ ಮಾದರಿ ತೆಗೆದರು. ಎರಡು ದಿನಕ್ಕೆ ಜೀವಾಣು ಬೆಳೆಸುವ ತಟ್ಟೆಯ ತುಂಬ ಪಾಶ್ಚುರೆಲ್ಲಾ ಬೆಳೆದಿತ್ತು. ಗಟ್ಟಿಮುಟ್ಟಾದ ಮೊಲದ ಮೂಗಿನಲ್ಲೂ ಸದ್ದಿಲ್ಲದೆ ಇದ್ದು, ಕಚ್ಚಾಟದ ಗಾಯವೊಂದು ಸಿಕ್ಕರೆ ಒಳನುಗ್ಗುವ ಜೀವಾಣು ಅದು. ಕಸಬರಿಗೆಗೆ ಹೆದರುವಂಥದ್ದಲ್ಲ.

ಆದೇಶ ರದ್ದಾಗಿ ಶೆಡ್ಡು ಉಳಿಯಿತು. ವೈದ್ಯರು ಕೊಟ್ಟ ಚುಚ್ಚುಮದ್ದಿನಿಂದ ಬಹುಪಾಲು ಮೊಲಗಳೂ ಉಳಿದವು. ಆದರೆ "ತಪ್ಪಾಯಿತು" ಎಂದು ವಜೀರುನ್ನಿಸಾಗೆ ಒಬ್ಬರೂ ಹೇಳಲಿಲ್ಲ. ಹೊಸ ವರದಿಗೆ ಸಹಿ ಬಿದ್ದದ್ದು ಅದೇ ಮೇಲಧಿಕಾರಿಯದು. ಬಸವೇಶ್ವರಿಯವರ ಪಾಲಿಗೆ ಬಂದದ್ದು ಅನುಮತಿಯಿಲ್ಲದೆ ಮಾದರಿ ಪಡೆದುದಕ್ಕೆ ಇನ್ನೊಂದು ನೋಟಿಸು. ಅದರ ಬೆನ್ನಿನ ಮೇಲೆ ಅವರು ವಜೀರುನ್ನಿಸಾಗೆ ಗಾಯ ತೊಳೆಯುವ ಬಗೆಯನ್ನು ಕನ್ನಡದಲ್ಲಿ ಬರೆದುಕೊಟ್ಟರು. ಆ ಹಾಳೆ ಇಂದಿಗೂ ನೆಲೋಗಿಯ ಶೆಡ್ಡಿನ ಬಾಗಿಲಿಗೆ ಅಂಟಿಕೊಂಡಿದೆ.

ಆ ನಮೂನೆಯಲ್ಲಿ "ಗಟ್ಟಿಯಾಗಿದೆ" ಎಂಬ ಮೂರನೆಯ ಮನೆ ಸೇರಿಸಿರೆಂದು ಅವರು ಬರೆದ ಪತ್ರಗಳು ಏಳು. ಉತ್ತರ ಒಂದಕ್ಕೂ ಬಂದಿಲ್ಲ. ನಿವೃತ್ತಿಯ ದಿನ ಎಂಟನೆಯದನ್ನು ಕಳಿಸಿಯೇ ಅವರು ಹಾರಕ್ಕೆ ಕೊರಳೊಡ್ಡಿದರು. ಬಸವೇಶ್ವರಿಯವರಿಗೆ ಆಯುರಾರೋಗ್ಯಗಳು ನಿಡುಗಾಲ ಇರಲಿ, ಆ ಮೂರನೆಯ ಮನೆ ಅಚ್ಚಾಗಿ ಬರಲಿ, ಅದರೊಳಗಿನ ಮೊದಲ ಗುರುತನ್ನು ಅವರ ಕೈಯೇ ಹಾಕಲಿ.