ಶಹಾಪುರದಾಚೆಯ ವಿಮಾನದ ಹೊಲ

ಯಾದಗಿರಿಯಲ್ಲಿ ರೈಲಿಳಿದಾಗ ಬೆಳಗಿನ ಏಳು ಗಂಟೆ. ಮೈಸೂರಿನಿಂದ ಇಷ್ಟು ದೂರ ಬಂದದ್ದು ವಿಮಾನವೇ ಇಲ್ಲದ ರನ್‌ವೇ ಪಟ್ಟಿ ನೋಡಲು ಎಂದರೆ ಮನೆಯಲ್ಲಿ ನಕ್ಕಿದ್ದರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ನನ್ನ ಹಳೆಯ ಚಾಳಿ. ಹತ್ತಿಗೆ ಔಷಧ ಸಿಂಪಡಿಸುವ ಪುಟ್ಟ ವಿಮಾನಕ್ಕೆಂದು ಹಿಂದೆ ಒಬ್ಬ ಸಾಹುಕಾರರು ತಮ್ಮ ಜಮೀನಿನಲ್ಲೇ ಪಟ್ಟಿ ಮಾಡಿಸಿದ್ದರು, ಈಗ ಅದು ಮತ್ತೆ ಹೊಲವಾಗಿದೆ ಎಂದು ಗೆಳೆಯನೊಬ್ಬ ಹೇಳಿದ್ದ.

ಶಹಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆ, ಟಿಕೆಟ್ ಐವತ್ತು ರೂಪಾಯಿ. ಅಲ್ಲಿ ಚುರುಮುರಿ, ಎರಡು ಮಿರ್ಚಿ ಬಜ್ಜಿ ತಿಂದು ಸುರಪುರದ ರಸ್ತೆಯಲ್ಲಿ ಟಂಟಂ ಆಟೊ ಹಿಡಿದೆ. ಇಳಿದ ಮೇಲೆ ಕಾಲುವೆ ದಂಡೆಗುಂಟ ಎರಡು ಕಿಲೋಮೀಟರ್ ನಡಿಗೆ. ಜನವರಿಯಾದರೂ ಬಿಸಿಲು ನೆತ್ತಿ ಸುಡುತ್ತಿತ್ತು. ಪಟ್ಟಿಯನ್ನು ಯಾರೂ ತೋರಿಸಬೇಕಾಗಲಿಲ್ಲ. ಸುತ್ತಲಿನ ಹತ್ತಿ ಎದೆಯೆತ್ತರ ಬೆಳೆದಿದ್ದರೆ ನಡುವೆ ನೆಟ್ಟಗೆ, ರಸ್ತೆಯಷ್ಟಗಲ, ಮೊಣಕಾಲುದ್ದ ಮಾತ್ರ. ಅಂದು ಗರಸು ಮಣ್ಣು ಹಾಕಿ ರೋಲರ್ ಓಡಿಸಿದ ನೆಲ ಇನ್ನೂ ಬೇರು ಇಳಿಯಗೊಡುತ್ತಿಲ್ಲ.

ಉದ್ದ ತಿಳಿಯಲು ಹೆಜ್ಜೆ ಎಣಿಸುತ್ತಾ ನಡೆದೆ. ನಾನೂರು ದಾಟಿರಲಿಲ್ಲ, ಹತ್ತಿ ಬಿಡಿಸುತ್ತಿದ್ದ ಏಳೆಂಟು ಹೆಂಗಸರು ಸುತ್ತುವರಿದರು. ಮುಂದಿದ್ದ ಹಿರಿಯಳ ಹೆಸರು ಶರಣಮ್ಮ ಎಂದು ಆಮೇಲೆ ತಿಳಿಯಿತು.

"ಯಾರು ಕಳಿಸ್ಯಾರ್ರಿ ನಿಮ್ಮನ್ನ?"

"ಯಾರೂ ಇಲ್ಲಮ್ಮ. ಸುಮ್ಮನೆ ನೋಡಲು ಬಂದೆ."

"ಸುಮ್ನ ನೋಡಾವ್ರು ಹೆಜ್ಜಿ ಎಣಸ್ತಾರೇನು?"

ನನ್ನ ಕೈಯಲ್ಲಿದ್ದ ಫೋನನ್ನು ಅವಳು ಕಸಿದುಕೊಂಡಳು. ನಿಜವಾಗಿ ಹೆದರಿದೆ. ಮೈಸೂರು, ಪ್ರವಾಸ, ಬರವಣಿಗೆ ಎಂದು ತೊದಲಿದೆ. ಕೆಲಸವಿಲ್ಲದೆ ಅಲೆಯುವವನೆಂದು ಖಾತ್ರಿಯಾದ ಮೇಲೆ ಶರಣಮ್ಮ ತುಸು ಮೆತ್ತಗಾದಳು. ವಿಮಾನ ನಿಂತ ಮೇಲೆ ಸಾಹುಕಾರರು ಪಟ್ಟಿಯನ್ನು ಇವರ ಮನೆಗಳಿಗೆ ಬಾಯಿಮಾತಿನಲ್ಲೇ ಬಿಟ್ಟುಕೊಟ್ಟಿದ್ದರು.

"ಗುದ್ದಲಿ ಮುರೀತಿತ್ರಿ ಆ ನೆಲಕ್ಕ. ನಮ್ಮತ್ತಿ ಕಬ್ಬಿಣದ ಹಾರಿ ಹಿಡದು ಒಡದಾಳ. ಪಹಣ್ಯಾಗ ಇನ್ನೂ ಸಾಹುಕಾರ್ರ ಹೆಸರೇ ಐತಿ. ಈಗ ಅವರ ಮೊಮ್ಮಕ್ಕಳು ಮಾರಾಕ ನಿಂತಾರ. ಅಳತಿ ಆತಂದ್ರ ನಾವು ಹೊರಗ."

ಮಾತು ಮುಗಿಯುವಷ್ಟರಲ್ಲಿ ಜೀಪೊಂದು ಬಂತು. ಇಳಿದವನ ಕೈಯಲ್ಲಿ ಅಳತೆಯ ಟೇಪು. ಇಷ್ಟು ಜನರ ನಡುವೆ ನನ್ನ ಕನ್ನಡಕ, ಇಸ್ತ್ರಿ ಅಂಗಿ ಕಂಡು ಅವನ ಮುಖ ಅರಳಿತು.

"ಸರ್ರ, ಈ ತುದಿ ಹಿಡೀರಿ. ಎರಡು ಮಿನಿಟಿನ ಕೆಲಸ."

ಯಾರೇ ಏನೇ ಕೊಟ್ಟರೂ ಕೈಯೊಡ್ಡುವ ಅಭ್ಯಾಸ ನನ್ನದು. ಕೈ ಮುಂದೆ ಹೋಗಿಯೇ ಬಿಟ್ಟಿತ್ತು. ಹೆಂಗಸರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಯಾರ್ರೀ ನೀವು?" ಅವನ ದನಿ ಬದಲಾಯಿತು.

"ನಮ್ಮ ಬೀಗರ್ರಿ," ಎಂದಳು ಶರಣಮ್ಮ. "ಹತ್ತಿ ಬಿಡಸಾಕ ಬಂದಾರ."

ನನ್ನ ಮೈಸೂರು ಕನ್ನಡ ಹೊರಬಿದ್ದರೆ ಬೀಗತನ ಅಲ್ಲೇ ಮುರಿಯುತ್ತಿತ್ತು. ಬಾಯಿ ಮುಚ್ಚಿಕೊಂಡು ಬಾಗಿ ಒಂದು ಕಾಯಿಗೆ ಕೈ ಹಾಕಿದೆ. ಒಣಗಿದ ತೊಟ್ಟು ಬೆರಳಿಗೆ ಚುಚ್ಚಿತು. ಹೆಂಗಸರು ಟೇಪಿಗೆ ಅಡ್ಡಲಾಗಿ ಸಾಲುಹಿಡಿದು ನಿಂತರು. ಅವನು ಕೊನೆಗೆ ಟೇಪು ಸುತ್ತಿಕೊಂಡ.

"ನಾಳಿ ಪೊಲೀಸ್ರನ್ನ ಕರ್ಕೊಂಡೇ ಬರ್ತೀನಿ."

ಜೀಪು ಹೋಯಿತು. ಹೆಂಗಸರು ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟರು. ಹೊರಡುವಾಗ ಶರಣಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟಳು.

"ನಾಳೀನೂ ಬರ್ತೀರಲ್ರಿ, ಬೀಗರ?"

ನಗುತ್ತಿದ್ದಳು, ಆದರೆ ಅದು ತಮಾಷೆಯಾಗಿರಲಿಲ್ಲ. ತಲೆ ಆಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ತಿಳಿಯಲಿಲ್ಲ. ಜೇಬಿನಲ್ಲಿ ಆ ಸಂಜೆಯ ರೈಲಿನ ಟಿಕೆಟಿತ್ತು.

ಯಾದಗಿರಿಗೆ ರೈಲು ಸರಿಯಾದ ಸಮಯಕ್ಕೆ ಬಂತು. ನಾನು ಏರಿ ಕುಳಿತೆ.