ಸಾವಿನ ಮನೆಯಿಂದ ನೇರವಾಗಿ

ಪಕ್ಕದ ಮನೆಯ ಮುದುಕರು ತೀರಿಕೊಂಡು ನಾಲ್ಕು ದಿನವಾಗಿದ್ದರೂ ಇನ್ನೂ ಮುಂದಿನ ಕೋಣೆಯಲ್ಲೇ ಇದ್ದರು, ಗಾಜಿನ ಮುಚ್ಚಳದ ಕೆಳಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಅಂಗಳದಲ್ಲಿ ಜನ ಇಸ್ಪೀಟು ಆಡುತ್ತಿದ್ದರು. ಯಾರೋ ನನ್ನ ಕೈಗೆ ಕಾಫಿ, ಬಿಸ್ಕತ್ತು ಕೊಟ್ಟರು. ಮೇಲೆ ಕಟ್ಟಿದ್ದ ಟಾರ್ಪಾಲಿನಲ್ಲಿ ಒಬ್ಬ ಗಂಡಸಿನ ದೊಡ್ಡ ನಗುಮುಖ. ಸತ್ತವರದ್ದಿರಬೇಕು ಎಂದುಕೊಂಡೆ. ಅಲ್ಲ, ಅದು ಊರಿನ ಕೌನ್ಸಿಲರರದ್ದು. ಟಾರ್ಪಾಲು ಅವರ ಕೊಡುಗೆ.

ಇದು ಫಿಲಿಪೀನ್ಸ್, ಮನಿಲಾದಿಂದ ಎರಡು ತಾಸು ದೂರದ ಒಂದು ಪಟ್ಟಣ. ಇಲ್ಲಿ ಶವವನ್ನು ಒಂದು ವಾರದವರೆಗೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಅದನ್ನು ಒಂಟಿಯಾಗಿ ಬಿಡಬಾರದೆಂದು ನೆರೆಯವರು ಸರದಿಯಂತೆ ಕೂರುತ್ತಾರೆ. ಈ ಕಾವಲಿಗೆ ‘ಲಾಮಾಯ್’ ಎನ್ನುತ್ತಾರೆ. ಪುತ್ತೂರಿನಲ್ಲಿ ಬೆಳಿಗ್ಗೆ ಸತ್ತವರನ್ನು ಸಂಜೆಯೊಳಗೆ ಕಳಿಸಿಬಿಡುವುದನ್ನು, ಬಂದವರು ನೀರೂ ಮುಟ್ಟದೆ ಹೊರಡುವುದನ್ನು ನೋಡಿ ಬೆಳೆದವಳು ನಾನು. ಬಿಸ್ಕತ್ತು ಕೈಯಲ್ಲೇ ಉಳಿಯಿತು.

ನಾನು ಈ ದೇಶಕ್ಕೆ ಬಂದದ್ದೇ ಆ ಟಾರ್ಪಾಲಿನ ಮನುಷ್ಯನಿಗಾಗಿ. ಪತ್ರಕರ್ತರು ರಾಜಕಾರಣಿಗಳಾಗುವ ಬಗೆ ನನ್ನ ಸಂಶೋಧನೆಯ ವಿಷಯ. ಎಲ್ಲರೂ ಅವರನ್ನು ಕೂಯಾ ರೋಡೆಲ್ ಎನ್ನುತ್ತಾರೆ. ಕೂಯಾ ಎಂದರೆ ಅಣ್ಣ. ಅವರು ರೇಡಿಯೋದಲ್ಲಿದ್ದಾಗ ಜನ ಪೊಲೀಸರ ಬಳಿಗೆ ಹೋಗುವ ಮೊದಲು ಅವರ ಸ್ಟುಡಿಯೋಗೆ ಹೋಗುತ್ತಿದ್ದರಂತೆ. ಪಿಂಚಣಿ ಬಾರದವರು, ಗಂಡ ಬಿಟ್ಟುಹೋದವರು ಎಲ್ಲರೂ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರು. ಅವರು ಪ್ರಸಾರದ ನಡುವೆಯೇ ಅಧಿಕಾರಿಗೆ ಫೋನು ಹಚ್ಚಿ, “ಇಡೀ ಊರು ಕೇಳ್ತಾ ಉಂಟು, ಈಗ ಹೇಳಿ ಸಾರ್” ಎನ್ನುತ್ತಿದ್ದರು. ನಮ್ಮಲ್ಲಿಯೂ ಕೆಲಸವಾಗಬೇಕಾದರೆ ದೊಡ್ಡವರು ಯಾರಾದರೂ ಫೋನು ಮಾಡುತ್ತಾರೆ. ಆದರೆ ಅತ್ತ ಕಡೆಯವರು ಏನೆಂದರು ಎಂಬುದು ನಮಗೆ ಕೇಳಿಸುವುದಿಲ್ಲ.

ನಾನು ಬಾಡಿಗೆಗಿರುವುದು ನಾನಾಯ್ ಸೆಲಿಂಗ್ ಎಂಬವರ ಮನೆಯ ಮಾಳಿಗೆಯಲ್ಲಿ. ನಾನಾಯ್ ಎಂದರೆ ಅಮ್ಮ. ಮಾರ್ಕೆಟಿನ ಬದಿಯಲ್ಲಿ ಅವರದೊಂದು ಅನ್ನದಂಗಡಿ. ಅದರಿಂದಲೇ ಅವರ ಜೀವನ. ರಸ್ತೆ ಬದಿಯ ಅಂಗಡಿಗಳನ್ನೆಲ್ಲ ತೆಗೆಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕಚೇರಿಯಲ್ಲಿ ಸಿಗದ ಕೌನ್ಸಿಲರ್ ಸಾವಿನ ಮನೆಗೆ ತಪ್ಪದೆ ಬರುತ್ತಾರೆ. ಆ ಸಂಜೆ ನಾನಾಯ್ ಅಲ್ಲಿಗೆ ಹೋದದ್ದು ಅದಕ್ಕೂ ಆಗಿತ್ತು. ಅವರ ತಗಾಲೋಗ್ ಭಾಷೆ ನನ್ನ ತಲೆಯೊಳಗೆ ಪುತ್ತೂರಿನ ಕನ್ನಡವಾಗಿಯೇ ಇಳಿಯುತ್ತದೆ. ಹಾಗೆಯೇ ಬರೆಯುತ್ತೇನೆ.

“ನನ್ನ ಅಂಗಡಿ ತೆಗಿತಾರಂತೆ ರೋಡೆಲ್. ರೇಡಿಯೋದಲ್ಲಿ ಬೊಬ್ಬೆ ಹಾಕ್ಲಿಕ್ಕೆ ನಿಂಗೆ ಶಕ್ತಿ ಬಂದದ್ದು ನನ್ನ ಅನ್ನದಿಂದ, ಗೊತ್ತುಂಟಲ್ಲ? ಎಂತಾದ್ರೂ ಮಾಡು ಮಾರಾಯ.”

“ನೋಡುವ ನಾನಾಯ್, ನೋಡುವ,” ಎಂದು ಅವರು ಶವಪೆಟ್ಟಿಗೆಯ ಕಡೆ ತಿರುಗಿ ಶಿಲುಬೆಯ ಗುರುತು ಮಾಡಿದರು.

ನಾನು ಮೊದಲೇ ಹೊರಟು ನೇರ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಸ್ವಲ್ಪ ಹೊತ್ತಿನ ನಂತರ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದ ನಾನಾಯ್ ನನ್ನ ಒದ್ದೆ ಕೂದಲು ನೋಡಿ ಹೊಸ್ತಿಲಲ್ಲೇ ನಿಂತರು.

“ಎಲ್ಲಿಯೂ ನಿಲ್ಲದೆ ಬಂದದ್ದಾ ನೀನು?”

“ಹೌದು. ಸಾವಿನ ಮನೆಯಿಂದ ಬಂದು ಸ್ನಾನ ಮಾಡದೆ ಹೇಗೆ?”

“ಅಯ್ಯೋ ದೇವರೇ, ಆ ಸತ್ತವನನ್ನು ಜೊತೆಯಲ್ಲೇ ಕರ್ಕೊಂಡು ಬಂದಿಯಲ್ಲ!”

ಇಲ್ಲಿಯವರು ಸಾವಿನ ಮನೆಯಿಂದ ನೇರ ಮನೆಗೆ ಬರುವುದಿಲ್ಲ. ನಡುವೆ ಅಂಗಡಿಯಲ್ಲೋ ಹೋಟೆಲಿನಲ್ಲೋ ಸ್ವಲ್ಪ ನಿಲ್ಲಬೇಕು. ಹಿಂಬಾಲಿಸಿ ಬಂದ ಆತ್ಮಕ್ಕೆ ದಾರಿ ತಪ್ಪಬೇಕು. ಇದಕ್ಕೆ ‘ಪಗ್‌ಪಗ್’ ಎನ್ನುತ್ತಾರೆ, ಕೊಡವುವುದು. ನಾವು ತೊಳೆದುಕೊಳ್ಳುತ್ತೇವೆ, ಅವರು ಕೊಡವುತ್ತಾರೆ. ಊರಿನಲ್ಲಿ ಶುದ್ಧವೆನಿಸಿದ ಕೆಲಸ ಇಲ್ಲಿ ಮನೆಗೆ ಕೇಡು ತಂದಿತ್ತು.

ಅದಾಗಿ ಎರಡೇ ದಿನಕ್ಕೆ, ಅಂಗಡಿ ತೆಗೆಯಬೇಕೆಂಬ ಆದೇಶ ಬಂತು. “ಮೇಲಿನವಳು ತಂದದ್ದು,” ಎಂದು ನಾನಾಯ್ ನೆರೆಯವರಿಗೆ ಹೇಳಿದ್ದು ಮಾಳಿಗೆಗೂ ಕೇಳಿಸಿತು. ನನ್ನ ತಟ್ಟೆ ಮೇಜಿನ ಮೇಲೆ ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ಬೇರೆ ಕೋಣೆ ಹುಡುಕಬೇಕೇನೋ ಎಂದುಕೊಂಡೆ.

ಅದೇ ವಾರ ಸಂದರ್ಶನದಲ್ಲಿ ಕೂಯಾ ರೋಡೆಲ್, ಅಂಗಡಿ ತೆಗೆಸುವ ನಿರ್ಣಯಕ್ಕೆ ತಾವೂ ಕೈ ಎತ್ತಿದ್ದನ್ನು ಮುಚ್ಚಿಡಲಿಲ್ಲ. ಅವರು ಲಾಮಾಯ್‌ಗೆ ಬಂದ ದಿನ ಬೆಳಿಗ್ಗೆಯೇ ಮತದಾನ ಮುಗಿದಿತ್ತು. “ರೇಡಿಯೋದಲ್ಲಿ ಪ್ರಶ್ನೆ ಕೇಳಿದ್ರೆ ಸಾಕಿತ್ತು. ಇಲ್ಲಿ ಉತ್ತರ ಕೊಡ್ಬೇಕು. ನಡಿಲಿಕ್ಕೆ ಜಾಗ ಇಲ್ಲ ಅಂತ ದೂರು ತಂದವ್ರೂ ನನ್ನ ಕೇಳುಗರೇ,” ಎಂದರು. ಮೋಸವೆನ್ನಲೇ, ಪ್ರಾಮಾಣಿಕತೆ ಎನ್ನಲೇ? ನನ್ನ ಅಧ್ಯಾಯ ಅಲ್ಲೇ ನಿಂತಿದೆ. “ನಾನಾಯ್‌ಗೆ ನಾನೇ ಹೇಳ್ತೇನೆ,” ಎಂದೂ ಅಂದರು.

ಅವರು ಬರಲಿಲ್ಲ. ನಾನೇ ಹೇಳಿದರೆ ನನ್ನ ಮೇಲಿನ ಆರೋಪ ಹೋಗುತ್ತದೆ, ಆದರೆ ನಾನಾಯ್‌ಗೆ ಅವರ ಮೇಲಿದ್ದ ಒಂದು ನಂಬಿಕೆಯೂ ಹೋಗುತ್ತದೆ. ಹಾಗೆಂದು ಭಾನುವಾರದವರೆಗೆ ಬಾಯಿ ಮುಚ್ಚಿಕೊಂಡೆ. ನಂತರ ಅಡುಗೆಮನೆಗೆ ಇಳಿದು ಹೇಳಿಬಿಟ್ಟೆ.

ನಾನಾಯ್ ತಲೆ ಎತ್ತಲಿಲ್ಲ. “ಗೊತ್ತುಂಟು. ರೇಡಿಯೋದಲ್ಲಿ ಅವನ ಜಾಗಕ್ಕೆ ಬಂದ ಹೊಸ ಹುಡುಗಿ ಕೈ ಎತ್ತಿದವ್ರ ಹೆಸರುಗಳನ್ನೆಲ್ಲ ಓದಿದ್ಲು.”

“ಮತ್ತೆ ನನ್ನ ಮೇಲೆ ಯಾಕೆ?”

“ಅವನ ಹತ್ರ ಸಿಟ್ಟು ಮಾಡಿದ್ರೆ ಬೇರೆ ಜಾಗ ಕೊಡಿಸುದು ಯಾರು, ನೀನಾ? ನಿನ್ನ ಹತ್ರ ಆದ್ರೆ ಮಾಡ್ಬಹುದು. ನೀನು ಎಲ್ಲಿಗೆ ಹೋಗ್ತಿ? ಮನೆಯವಳಲ್ವಾ. ಸುಮ್ನೆ ನಿಲ್ಬೇಡ, ಬೆಳ್ಳುಳ್ಳಿ ಸುಲಿ.”

ನೆಮ್ಮದಿಯೋ ಅವಮಾನವೋ ತಿಳಿಯದೆ ಬೆಳ್ಳುಳ್ಳಿ ಸುಲಿದೆ.

ಸಂಜೆ ಪುತ್ತೂರಿನ ದರ್ಬೆಯಿಂದ ಅಮ್ಮನ ಫೋನು ಬಂತು. ಎಲ್ಲವನ್ನೂ ಹೇಳಿದೆ. ಇನ್ನೊಬ್ಬರ ಮನೆಯ ಕ್ರಮ ಕೇಳದೆ ನಡೆದುಕೊಂಡದ್ದಕ್ಕೆ ಅಮ್ಮ ಹಿಂದೆಯಾದರೆ ಸುಮ್ಮನೆ ಬಿಡುತ್ತಿರಲಿಲ್ಲ. ಈಗ ಮೆತ್ತಗೆ, “ಇರ್ಲಿ ಮಗಾ, ನಿಂಗೆ ಗೊತ್ತಿರ್ಲಿಲ್ಲಲ್ಲ. ಊಟಕ್ಕೆ ತೊಂದರೆ ಇಲ್ವಲ್ಲ?” ಎಂದರು. ಬಂದ ನೆಂಟರನ್ನು ಕೇಳುವ ಹಾಗೆ. ಬೈಯಲಿ ಎಂದು ಸ್ವಲ್ಪ ಹೊತ್ತು ಕಾದೆ.

ಅಷ್ಟರಲ್ಲಿ ಅನ್ನ ತಣಿಯಿತೆಂದು ಕೆಳಗಿನಿಂದ ನಾನಾಯ್ ಜೋರಾಗಿ ಬೈಯತೊಡಗಿದರು.

“ಯಾರದು ಬೈಯುದು?” ಎಂದು ಅಮ್ಮ ಕೇಳಿದರು.

“ಮನೆಯವರು,” ಎಂದೆ.