ಕರಡಿ ಉಂಡ ಬುತ್ತಿ

ಕಂಟೋನ್ಮೆಂಟಿನಾಗ ನಾನು ಅಡಿಗಿ ಮಾಡೋ ಮನಿ ಸಾಹುಕಾರ್ರಿಗೆ ಬೇಟಿ ಹುಚ್ಚು. ನಮ್ಮಲ್ಲಿ ಬೇಟಿ ಆಡೋ ಹಂಗಿಲ್ಲ ಅಂತ ಕರಡಿ ಹೊಡ್ಯಾಕ ಪರದೇಶಕ್ಕ ಹೋಗ್ತಾರ. ಬುತ್ತಿ ಕಟ್ಟೋಕಿ ನಾನು: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಹೋದ ಸಲ ಬರಿಗೈಲಿ ಬಂದು ಅಡಿಗಿಮನಿ ಬಾಗಿಲಾಗ ನಿಂತ್ರು.

“ಅವ್ವಾ, ನಿನ್ನ ಬುತ್ತಿ ನನ್ನ ಬೇಟಿ ಕೆಡಿಸ್ತು. ಉಣ್ಣಾಕ ಬಿಚ್ಚಿಟ್ಟಿದ್ದೆ, ವಾಸನಿಗೆ ಕರಡಿ ಎದುರಿಗೇ ಬಂತು. ಬಂದೂಕ ಎತ್ತಿದ್ರ ಅಲ್ಲಿಯ ಗಾರ್ಡು ಕೈ ಹಿಡದ. ತಿನಿಸಿಟ್ಟು ಕರೆದ ಕರಡೀನ ಹೊಡಿಬಾರ್ದಂತ ಅಲ್ಲಿ ಕಾಯ್ದೆ!”

“ಖಾರ ಹತ್ತಲಿಲ್ಲೇನ್ರಿ ಅದಕ್ಕ?”

“ಹತ್ತಿದ್ರ ಡಬ್ಬಿ ನೆಕ್ಕತಿತ್ತೇನು?”

“ಉಣ್ಣಾಕ ಬಂದೋರನ್ನ ಹೊಡಿಯೋದು ನಮ್ಮಲ್ಲೂ ಇಲ್ಲ, ಬಿಡ್ರಿ” ಅಂದೆ.

ಈಗ ಮತ್ತ ಹೊಂಟಾರ. ಬುತ್ತಿ ಬ್ಯಾಡೇ ಬ್ಯಾಡ ಅಂದಾರ. ಹಂಗ ಕಳಸಾಕ ನನಗ ಮನಸ್ಸು ಬರ್ತದೇನು? ಪೆಟ್ಟಿಗ್ಯಾಗ ಬಟ್ಟಿ ಕೆಳಗ ಇಟ್ಟೀನಿ, ಕರಡಿ ಪಾಲೂ ಸೇರಿಸಿ.